ಒಂದು ಅಂಕದ ಪ್ರಶ್ನೆ

ಹೋಟೆಲಿನಲ್ಲಿ ಸಪ್ಲಯರ್ ಬಂದು “ಬನ್ಸ್, ಗೋಳಿಬಜೆ, ಇಡ್ಲಿ, ನೀರುದೋಸೆ” ಎಂದು ಒಂದೇ ಉಸಿರಿಗೆ ಹೇಳಿ ನಿಂತರೆ ನಿಮ್ಮಂಥವರು ನನ್ನಂಥವರು ಬಾಯಿಗೆ ಬಂದದ್ದನ್ನು ಹೇಳಿ ನೀರು ಕುಡಿಯುತ್ತೇವೆ. ನಮ್ಮ ಮಾಸ್ಟ್ರು ಮಾವ ಹಾಗಲ್ಲ. ಕನ್ನಡಕ ಸರಿಮಾಡಿಕೊಂಡು, “ನಾಲ್ಕು ಆಯ್ಕೆ. ಗಡಿಬಿಡಿ ಮಾಡ್ಲಿಕ್ಕಿಲ್ಲ. ಖಂಡಿತ ತಪ್ಪು ಅಂತ ಗೊತ್ತಿದ್ದದ್ದನ್ನು ಮೊದಲು ಹೊಡೆದು ಹಾಕಬೇಕು” ಎನ್ನುತ್ತಾರೆ. ಗಂಟೆ ನಾಲ್ಕಾಗಿದೆ, ಬೆಳಗ್ಗಿನ ಇಡ್ಲಿ ಹೋಯಿತು. ನೀರುದೋಸೆ ತಣಿದಿರುತ್ತದೆ, ಅದೂ ಹೋಯಿತು. “ಈಗ ನೋಡು ಮಾರಾಯ, ಕಾಲು ಭಾಗ ಇದ್ದ ಅವಕಾಶ ಅರ್ಧಕ್ಕೆ ಬಂತು.” ಅಷ್ಟರಲ್ಲಿ ಸಪ್ಲಯರ್ ಪಕ್ಕದ ಟೇಬಲಿಗೆ ಹೋಗಿರುತ್ತಾನೆ, ಗೋಳಿಬಜೆ ಮುಗಿದಿರುತ್ತದೆ.

ಪರೀಕ್ಷೆಯಲ್ಲಿ ಉತ್ತರ ಬರೆಯುವ ಉಪಾಯ ಹೇಳಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಉಡುಪಿ ಜಿಲ್ಲೆಯ ಮಣ್ಣು ಅವರಿಗೆ ವಿಶೇಷವಾಗಿ ಹಿಡಿಸಿದ ಹಾಗೆ ಕಾಣುತ್ತದೆ. ನಮ್ಮಲ್ಲಿ ರಿಸಲ್ಟ್ ಎಂದರೆ ಮಕ್ಕಳ ವಿಷಯವಲ್ಲ, ಕಂಬಳದ ಫೈನಲ್ ಇದ್ದ ಹಾಗೆ, ಊರಿನ ಮರ್ಯಾದೆಯ ವಿಷಯ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇಕಡಾ 93.90 ತೆಗೆದು ರಾಜ್ಯಕ್ಕೆ ಮೊದಲು ಬಂತು, ದಕ್ಷಿಣ ಕನ್ನಡ 93.57ರಲ್ಲಿ ಎರಡನೆಯದಾಯಿತು. ಆ ಸಂಜೆ ಮಾವ ಮಂಗಳೂರಿನಲ್ಲಿರುವ ತಮ್ಮ ಷಡ್ಡಕನಿಗೆ ಫೋನು ಮಾಡಿ ಬಹಳ ಹೊತ್ತು ಕುಶಲ ವಿಚಾರಿಸಿದರು. ಆ ವರ್ಷ ಅವರಿಗೆ ಮಾಡಿದ ಮೊದಲ ಫೋನು ಅದು. ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು ಎಂದು ಬಂದಾಗ ಆ ಕಡೆಯಿಂದ ಫೋನು ಬಂತು. ಮಾವ ಸ್ನಾನಕ್ಕೆ ಹೋಗಿದ್ದರು. ಒಂದೂವರೆ ಗಂಟೆ ಸ್ನಾನ ಮಾಡಿದರು.

ಮಾವ ನನ್ನ ಅಮ್ಮನಿಗೆ ದೊಡ್ಡಪ್ಪನ ಮಗ. ಮನೆ ಕಾಪುವಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿ. ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾಗಿದ್ದವರು, ಆದರೆ ಸಲಹೆಗೆ ಮಾತ್ರ ವಿಷಯದ ಬೇಲಿ ಇಲ್ಲ. ಅಂಗಿಯ ಕಿಸೆಯಲ್ಲಿ ಎರಡು ಪೆನ್ನು: ನೀಲಿಯದು ಬರೆಯಲಿಕ್ಕೆ, ಕೆಂಪಿನದು ಸುಮ್ಮನೆ. ನಿವೃತ್ತಿಯಾದ ಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದದ್ದನ್ನು ನಾನು ಒಂದೇ ಸಲ ಕಂಡಿದ್ದೇನೆ, ನನ್ನ ಮದುವೆಯ ಕಾಗದದಲ್ಲಿ ಒತ್ತಕ್ಷರ ತಪ್ಪಿದ್ದಾಗ.

ಮಾರ್ಚ್ ಬಂತೆಂದರೆ ಬಂಧುಬಳಗದಲ್ಲಿ ಯಾರ ಮನೆಯಲ್ಲಿ ಪರೀಕ್ಷೆ ಉಂಟೋ ಆ ಮನೆಗೆ ಮಾವ ಬರುತ್ತಾರೆ. ಕಾಪುವಿನಲ್ಲಿ ಸುಗ್ಗಿ ಮಾರಿಪೂಜೆ, ಊರಿಗೆ ಊರೇ ಅಲ್ಲಿಗೆ ಹೋಗುತ್ತಿದ್ದರೆ ಇವರು ಎದುರು ದಿಕ್ಕಿನ ಬಸ್ಸು ಹತ್ತುತ್ತಾರೆ. ಕೈಚೀಲದಲ್ಲಿ ಒಂದು ಪಂಚೆ, ಒಂದು ಟವೆಲು, ಹಿಂದಿನ ಹತ್ತು ವರ್ಷದ ಪ್ರಶ್ನೆಪತ್ರಿಕೆ.

ಅವರ ಉಪದೇಶ ಪ್ರಶ್ನೆ ಓದಲಿಕ್ಕೆಂದೇ ಕೊಡುವ ಹದಿನೈದು ನಿಮಿಷದಿಂದ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ನೋಡಿ ಬೆವರಬಾರದು, ಗೊತ್ತಿದ್ದದ್ದಕ್ಕೆ ಮನಸ್ಸಿನಲ್ಲೇ ಗುರುತು ಹಾಕಬೇಕು. ಒಂದು ಅಂಕಕ್ಕೆ ಒಂದು ವಾಕ್ಯ, ಎರಡನೇ ವಾಕ್ಯ ಬರೆದರೆ ಮೊದಲನೆಯದರ ಮೇಲೆ ನಿನಗೇ ನಂಬಿಕೆ ಇಲ್ಲ ಎಂದರ್ಥ. ಹೊಂದಿಸಿ ಬರೆಯುವಾಗ ಖಾತ್ರಿ ಇದ್ದದ್ದನ್ನು ಮೊದಲು ಕಟ್ಟಬೇಕು, ಉಳಿದವು ತಾವಾಗಿ ಜೋಡಿಯಾಗುತ್ತವೆ. (ಮದುವೆ ಸಂಬಂಧ ಕುದುರಿಸುವಾಗಲೂ ಇದನ್ನೇ ಹೇಳುತ್ತಾರೆ.) ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ: ಸಾಧನೆ ಮರೆತುಹೋದರೂ ಮೊದಲ ಮೂರನ್ನು ಬರೆದು ಚಿತ್ರ ಹಾಕಿ ಬಾ, ಬರಿಗೈಯಲ್ಲಿ ಬರಬೇಡ. ಭಾರತದ ನಕ್ಷೆಯಲ್ಲಿ ಪಶ್ಚಿಮ ಕರಾವಳಿಯನ್ನು ಜಾಗ್ರತೆಯಿಂದ ಎಳೆ, “ಸ್ವಲ್ಪ ಒಳಗೆ ಹೋದ್ರೆ ನಮ್ಮ ಕಾಪು ಸಮುದ್ರಕ್ಕೆ ಬೀಳ್ತದೆ.”

ಸಂದರ್ಭ ಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಯ ಮೇಲೆ ಅವರಿಗೆ ವಿಶೇಷ ಮಮತೆ. ಎಲ್ಲಿಂದ ಆರಿಸಿದ್ದು, ಯಾರು ಯಾರಿಗೆ ಯಾವಾಗ ಹೇಳಿದ್ದು, ಅದರ ಸ್ವಾರಸ್ಯ ಏನು: ಮೂರಕ್ಕೆ ಮೂರು ಅಂಕ. ಇದನ್ನು ಅವರು ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಒಮ್ಮೆ ಕಾರ್ಕಳದ ಒಂದು ಉಪನಯನದಲ್ಲಿ ನನ್ನ ಚಿಕ್ಕಮ್ಮ ಯಾರದೋ ಸೊಸೆ ತವರಿಗೆ ಹೋದ ಸುದ್ದಿಯನ್ನು ಮೆಲ್ಲಗೆ ಬಿಚ್ಚಿದರು. ಮಾವ ಸಾರನ್ನ ಕಲಸುತ್ತ, “ಯಾರು ಹೇಳಿದ್ದು? ಯಾರಿಗೆ? ಯಾವ ಸಂದರ್ಭದಲ್ಲಿ?” ಎಂದು ಕೇಳಿದರು. ಚಿಕ್ಕಮ್ಮನಿಗೆ ಒಂದೂ ಗೊತ್ತಿರಲಿಲ್ಲ. “ಬರೀ ಸ್ವಾರಸ್ಯಕ್ಕೆ ಮೂರರಲ್ಲಿ ಒಂದೇ ಅಂಕ” ಎಂದು ಮಾವ ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿದರು. ಆ ಸೊಸೆಯ ಬಗ್ಗೆ ಮತ್ತೆ ಯಾರೂ ಮಾತಾಡಲಿಲ್ಲ. ಈ ಒಂದು ಉಪಕಾರಕ್ಕಾಗಿ ಅವರ ಹತ್ತು ಉಪದ್ರ ಮಾಫಿ ಮಾಡಬಹುದು ಎಂದು ನನಗೆ ಆವತ್ತು ಅನ್ನಿಸಿತ್ತು.

ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಅವರ ಜೊತೆ ಬಸ್ಸಿನಲ್ಲಿ ಹೋಗುವುದೆಂದರೆ ಟಿಕೆಟು ಕೊಟ್ಟು ಕಿರುಪರೀಕ್ಷೆಗೆ ಕೂತಂತೆ. ನಂದಳಿಕೆ ಹತ್ತಿರ ಬಂದರೆ ಸಾಕು, “ಮುದ್ದಣ ತೀರಿಕೊಂಡದ್ದು ಯಾವಾಗ?” ನನಗೆ ಚಿಕ್ಕಂದಿನಲ್ಲಿ ಇಸವಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಮಾವ ಕೊಟ್ಟ ಸೂತ್ರ: ಕಾಪುವಿನ ದೀಪಸ್ತಂಭ ಕಟ್ಟಿದ್ದು 1901, ಮುದ್ದಣ ಹೋದದ್ದೂ 1901. “ಇಲ್ಲಿ ಒಂದು ದೀಪ ಆರಿತು, ಅಲ್ಲಿ ಒಂದು ಹತ್ತಿತು. ಇನ್ನು ಮರೀಲಿಕ್ಕೆ ನಿನ್ನಿಂದ ಆಗುದಿಲ್ಲ.” ನಿಜ, ಈ ವಯಸ್ಸಿಗೂ ಮರೆಯಲು ಆಗಿಲ್ಲ. ಉಡುಪಿಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದ ಆ ಕವಿ ತನ್ನ ಕಾವ್ಯಗಳನ್ನು ತನ್ನದೆಂದು ಹೇಳದೆ, ಹಳೆಯ ಯಾವನೋ ಕವಿಯದೆಂಬ ಹಾಗೆ ಅಚ್ಚಿಗೆ ಕಳಿಸಿದ ಕತೆಗೂ ಮಾವನದ್ದೇ ವ್ಯಾಖ್ಯಾನ ಉಂಟು: ಉತ್ತರಪತ್ರಿಕೆಯಲ್ಲಿ ಹೆಸರು ಬರೆಯಬಾರದೆಂಬ ನಿಯಮ ಪಾಲಿಸಿದ ಏಕೈಕ ಕನ್ನಡ ಕವಿ. ಕಾರ್ಕಳದಲ್ಲಿ ಇಳಿದರೆ ಬಾಹುಬಲಿ ಕಾದಿರುತ್ತಾನೆ. 1432ರಲ್ಲಿ ನಿಲ್ಲಿಸಿದ್ದು, 42 ಅಡಿ. ಬಂಡೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಾನೊಮ್ಮೆ “ಎಂಥ ಶಾಂತ ಮುಖ ಮಾವ” ಎಂದೆ. “ಎತ್ತರ ಕೇಳಿದ್ದು ನಾನು” ಎಂದರು.

ಪತ್ರಲೇಖನದ ನಮೂನೆಯೂ ಅವರ ಕೈಬಿಟ್ಟು ಹೋಗಿಲ್ಲ. ನನ್ನ ತಂದೆ ತೀರಿಕೊಂಡಾಗ ಮಾವ ಕಾಲು ಉಳುಕಿ ಮಲಗಿದ್ದರು, ಕಾಗದ ಬರೆದರು. ಇಂದ, ಗೆ, ದಿನಾಂಕ, ಮಾನ್ಯರೇ, ಮತ್ತು “ವಿಷಯ: ತಮ್ಮ ಯಜಮಾನರ ನಿಧನದ ಕುರಿತು.” ಆ ದುಃಖದಲ್ಲೂ ನನಗೆ ನಗು ಬಂತು. ಕೆಳಗೆ ಮೂರೇ ವಾಕ್ಯ ಇತ್ತು. ಎರಡನೆಯದನ್ನು ಓದಿ ಅಮ್ಮ ಆ ಕಾಗದವನ್ನು ಮಡಚಿ ಕುಂಕುಮದ ಭರಣಿಯ ಅಡಿಗೆ ಇಟ್ಟರು. ಇನ್ನೂ ಅಲ್ಲೇ ಉಂಟು.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಪರೀಕ್ಷೆ ಮುಗಿದ ಮೇಲಿನ ಪರೀಕ್ಷೆ. ಗೇಟಿನ ಹೊರಗೆ ನಿಂತು, ಹುಡುಗ ಹೊರಗೆ ಬಂದ ಕೂಡಲೇ ಅವನ ಮುಖ ನೋಡುವ ಮೊದಲು ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು “ಇದಕ್ಕೆ ಎಂತ ಬರ್ದದ್ದು?” ಎಂದು ಕೇಳುವವರ ಜಾತಿಯೊಂದಿದೆ. ಮಾವ ಆ ಜಾತಿಯ ಮೂಲಪುರುಷ.

1989ರ ಎಸ್ಸೆಸ್ಸೆಲ್ಸಿ, ಗಣಿತದ ದಿನ. ಆಗ ಉಡುಪಿ ಜಿಲ್ಲೆಯೇ ಇರಲಿಲ್ಲ, ನಾವು ದಕ್ಷಿಣ ಕನ್ನಡದವರು. ಕಾರ್ಕಳ ತಾಲೂಕಿನ ಒಂದು ಶಾಲೆ, ಗೇಟಿನೆದುರು ಗೋಳಿಮರ, ಮರದ ಕಟ್ಟೆಯ ಮೇಲೆ ಕೊಡೆ ಊರಿ ಕೂತ ಮಾವ. ಗೆಳೆಯರೆಲ್ಲ ಐಸ್‌ಕ್ಯಾಂಡಿ ಗಾಡಿಗೆ ಮುಗಿಬಿದ್ದಿದ್ದರು. ನನ್ನ ಕೈಯಲ್ಲೂ ಎಂಟಾಣೆ ಇತ್ತು. “ಬಾ, ಇಲ್ಲಿ ಕೂತ್ಕೋ” ಎಂದರು. ಪೆನ್ಸಿಲು ತೆಗೆದು ಮೊದಲನೇ ಪ್ರಶ್ನೆಯಿಂದ ಹಿಡಿದರು. ಉತ್ತರ ಮಾತ್ರ ಸಾಲದು, ಯಾವ ಹಂತದಲ್ಲಿ ಏನು ಬರೆದೆ ಎಂಬುದೂ ಬೇಕು, ಯಾಕೆಂದರೆ ಗಣಿತದಲ್ಲಿ ಅಂಕ ಬೀಳುವುದು ಹಂತಕ್ಕೆ. ಒಂಬತ್ತನೇ ಪ್ರಶ್ನೆ ಬರುವಷ್ಟರಲ್ಲಿ ಐಸ್‌ಕ್ಯಾಂಡಿಯವನು ಡಬ್ಬದ ಬಾಯಿ ಮುಚ್ಚಿದ. ಹದಿನೈದಕ್ಕೆ ಸೈಕಲ್ ಏರಿದ. ಸಿಲಿಂಡರಿನ ಮೇಲ್ಮೈ ವಿಸ್ತೀರ್ಣದ ಲೆಕ್ಕ ಬಂದಾಗ ಅವನ ಗಂಟೆಯ ಸದ್ದು ತಿರುವಿನಾಚೆಗೆ ಕೇಳುತ್ತಿತ್ತು.

“ಏಕಮಾನ ಬರ್ದಿದ್ದಿಯಾ? ಚದರ ಸೆಂಟಿಮೀಟರ್?”

“ಬರ್ದಿದ್ದೇನೆ.”

ಎಲ್ಲ ಕೂಡಿಸಿ ಮಾವ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿ 82 ಎಂದು ಬರೆದು ಸುತ್ತ ವೃತ್ತ ಎಳೆದರು. ಮೇ ತಿಂಗಳಲ್ಲಿ ಬಂದದ್ದು 81.

ಅಲ್ಲಿಂದ ಶುರು. ಆ ಒಂದು ಅಂಕ ಎಲ್ಲಿ ಹೋಯಿತು? ನನಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಮಣಿಪಾಲದಲ್ಲಿ ಮನೆಯಾಯಿತು. ಮದುವೆಯ ದಿನ ಅಕ್ಷತೆ ಹಾಕಲು ಬಂದವರು ಕಿವಿಯ ಹತ್ತಿರ ಬಗ್ಗಿ, “ಅಲ್ಲ, ರಚನೆಯ ಲೆಕ್ಕದಲ್ಲಿ ಚಾಪ ಅಳಿಸಿ ಹಾಕಿದ್ದಿಯಾ ಎಂತ?” ಎಂದರು. ಠೇವಣಿ ನವೀಕರಿಸಲು ಬ್ಯಾಂಕಿಗೆ ಬಂದಾಗ ಕೌಂಟರಿನಾಚೆಯಿಂದ ಅದೇ ಪ್ರಶ್ನೆ, ಹಿಂದೆ ಹನ್ನೊಂದು ಜನ ಸಾಲು ನಿಂತಿದ್ದರು. ಗ್ರಾಹಕರ ಬಡ್ಡಿಯನ್ನು ಪೈಸೆಯವರೆಗೆ ಲೆಕ್ಕ ಹಾಕುವ ನನ್ನನ್ನು ಮಾವ ಮಾತ್ರ ಒಂದು ಅಂಕದ ಲೆಕ್ಕ ಕೊಡಲಾರದವನಂತೆ ನೋಡುತ್ತಿದ್ದರು.

ಈ ವರ್ಷ ನನ್ನ ಮಗಳದ್ದು ದ್ವಿತೀಯ ಪಿಯುಸಿ. ಮಾವ ಮಣಿಪಾಲಕ್ಕೆ ಬಂದು ಹದಿನೆಂಟು ದಿನ ಇದ್ದರು. ನನಗಾದದ್ದು ಅವಳಿಗೂ ಆಗುತ್ತದಲ್ಲ ಎಂದು ನಾನು ಹೆದರಿದ್ದೆ. ಅವಳೋ ಮೊದಲ ದಿನವೇ ಕೇಳಿದಳು, “ಅಜ್ಜ, ಸಿಇಟಿಗೂ ನೀಟ್‌ಗೂ ಒಂದೇ ಥರ ಗುರುತು ಹಾಕಬಹುದಾ?” ಮಾವನ ಮುಖ ಅರಳಿತು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. “ಅದು ದಡದಲ್ಲಿ ನಿಂತು ಬಲೆ ಬೀಸಿದ ಹಾಗೆ. ಮೀನು ಬಿದ್ರೆ ಬಿತ್ತು, ಇಲ್ಲದಿದ್ರೆ ಹೋಗುದು ಎಂತ? ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ.” ನೀಟ್‌ನಲ್ಲಿ ಸರಿಗೆ ನಾಲ್ಕು ಸಿಗುತ್ತದೆ, ತಪ್ಪಿಗೆ ಒಂದು ಹೋಗುತ್ತದೆ. “ಅದು ಮಲ್ಪೆಯಿಂದ ಬೋಟು ತೆಗೆದ ಹಾಗೆ, ಬಲೆ ಹಾಕಿದ್ದಕ್ಕೂ ಡೀಸೆಲ್ ಖರ್ಚು.” ಆಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕವನ್ನೇ ಮಾಡಿ ತೋರಿಸಿದರು. ಏನೂ ಗೊತ್ತಿಲ್ಲದ ಹದಿನಾರು ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ಬಂದದ್ದು ಹದಿನಾರು, ಹೋದದ್ದು ಹನ್ನೆರಡು, ಉಳಿದದ್ದು ನಾಲ್ಕು. ಅದೇ ಹದಿನಾರರಲ್ಲೂ ಎರಡೆರಡು ತಪ್ಪು ಆಯ್ಕೆ ಹೊಡೆದು ಹಾಕಲು ಬಂದರೆ ಎಂಟು ಸರಿ, ಎಂಟು ತಪ್ಪು, ಉಳಿಯುವುದು ಇಪ್ಪತ್ತನಾಲ್ಕು. “ಅಂದ್ರೆ ಅರ್ಧ ಗೊತ್ತಿದ್ದರೆ ಹೆದರಬೇಡ. ಏನೂ ಗೊತ್ತಿಲ್ಲದಿದ್ದರೆ ಸುಮ್ಮನಿರು. ಸರಾಸರಿ ಅಂದ್ರೆ ಎಲ್ಲರ ಬಲೆಗೂ ಬೀಳುವ ಮೀನಲ್ಲ.”

ಮಗಳು ಕೇಳಿದ ಇನ್ನೊಂದು ಪ್ರಶ್ನೆಗೆ ಮಾವ ಕೊಟ್ಟ ಉತ್ತರ ನನಗೆ ಹೊಸದು. ಅಡಿಗೆರೆ ಎಳೆ, ಅಂಶಗಳಾಗಿ ಬರೆ, ಪ್ರಶ್ನೆಸಂಖ್ಯೆ ಅಂಚಿನಲ್ಲಿ ಬರೆ, ಎರಡು ಉತ್ತರಗಳ ನಡುವೆ ಜಾಗ ಬಿಡು, ಇದೆಲ್ಲ ಯಾಕೆ ಎಂದಳು. “ಪೇಪರ್ ನೋಡುವವ ಯಾರು? ನಿನ್ನ ಗುರ್ತ ಇಲ್ಲದ ಯಾವುದೋ ಜಿಲ್ಲೆಯ ಒಬ್ಬ ಮಾಸ್ಟ್ರು. ಸೆಕೆ. ಫ್ಯಾನು ತಿರುಗುದು ಕಣ್ಣಿಗೆ ಕಾಣ್ತದೆ, ಗಾಳಿ ಇಲ್ಲ. ಮನೆಯಲ್ಲಿ ಅವನಿಗೂ ಒಂದು ತಾಪತ್ರಯ ಇರ್ತದೆ. ಅವ ನಿನ್ನ ಉತ್ತರ ಹುಡುಕುವ ಹಾಗೆ ಆಗಬಾರದು. ಪಾಪದವನಿಗೆ ಸಿಕ್ಕುವ ಹಾಗೆ ಇಡಬೇಕು.” ಪತ್ರಿಕೆಗೆ ಬರೆಯುವ ನಾನು, ಓದುವವನೂ ಬೆವರುತ್ತಾನೆ ಎಂದು ಇಷ್ಟು ವರ್ಷ ಯೋಚಿಸಿದ್ದೇ ಇಲ್ಲ. ಯೋಚಿಸಿದ್ದರೆ ಈ ಬರಹವೂ ಇಷ್ಟು ಉದ್ದ ಆಗುತ್ತಿರಲಿಲ್ಲ.

ಆದರೆ ಕಾಗದದ ಮೇಲೆ ಇಷ್ಟು ದಯೆ ಇರುವ ಮಾವ ಮಾತಿಗೆ ನಿಂತರೆ ಕೇಳುವವರ ಮೇಲೆ ಎಳ್ಳಷ್ಟೂ ಕರುಣೆ ತೋರಿಸುವವರಲ್ಲ. ಅವರನ್ನು ನಿಲ್ಲಿಸುವ ಉಪಾಯ ಗೊತ್ತಿದ್ದದ್ದು ಅತ್ತೆಗೆ ಒಬ್ಬರಿಗೇ. ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ಮೇಲೆ, “ಒಂದು ವಾಕ್ಯದಲ್ಲಿ ಉತ್ತರಿಸಿ!” ಎಂದು ಕೂಗುತ್ತಿದ್ದರು. ಮಾವ ಕೂಡಲೇ ಬಾಯಿ ಮುಚ್ಚುತ್ತಿದ್ದರು. ಅತ್ತೆ ಹೋಗಿ ಮೂರು ವರ್ಷವಾಯಿತು. ಈಗ ಕೆಲವೊಮ್ಮೆ ಮಾವ ಮಾತಿನ ನಡುವೆ ತಾವಾಗಿಯೇ ನಿಲ್ಲುತ್ತಾರೆ, ಒಳಗಿನ ಬಾಗಿಲ ಕಡೆಗೆ ನೋಡುತ್ತಾರೆ, ಆಮೇಲೆ ಮುಂದುವರಿಸುತ್ತಾರೆ. ಹಾಗೆ ನಿಂತಾಗ, ಮುಂದುವರಿಸಲಿ ಎಂದು ನನಗೇ ಅನ್ನಿಸುತ್ತದೆ. ಮಾರ್ಚ್ ಬಂದರೆ ಅವರು ಚೀಲ ಹಿಡಿದು ಯಾಕೆ ಹೊರಡುತ್ತಾರೆ ಎಂಬುದಕ್ಕೆ ನಾನು ಇಷ್ಟು ದಿನ ತಪ್ಪು ಆಯ್ಕೆಗೆ ಗುರುತು ಹಾಕಿದ್ದೆನೋ ಏನೋ.

ಪರೀಕ್ಷೆ ಮುಗಿದ ಮೇಲೆ ಅವರನ್ನು ಕಾಪುವಿಗೆ ಬಿಡಲು ಹೋದೆ. ಕತ್ತಲಾಗಿತ್ತು. ಜಗಲಿಯಲ್ಲಿ ಕೂತಿದ್ದೆವು. ತೆಂಗಿನ ಮರಗಳ ಮೇಲಿಂದ ದೀಪಸ್ತಂಭದ ಬೆಳಕು ಹಾದುಹೋಗುತ್ತಿತ್ತು. ಮಾವ ಅಡಿಕೆ ಕತ್ತರಿಸುತ್ತ, “ಅಲ್ಲ ಮಾರಾಯ, ಆ ಒಂದು ಅಂಕ” ಎಂದು ಶುರುಮಾಡಿದರು. ಮನೆ ಅಷ್ಟು ಖಾಲಿಯಾಗಿ ಕಂಡಿರದಿದ್ದರೆ ನಾನು ಹೇಳುತ್ತಿರಲಿಲ್ಲ.

“ಮಾವ, ಸಿಲಿಂಡರಿನ ಲೆಕ್ಕಕ್ಕೆ ನಾನು ಏಕಮಾನ ಬರ್ದಿರ್ಲಿಲ್ಲ. ಆವತ್ತು ನಿಮ್ಮ ಹತ್ರ ಸುಳ್ಳು ಹೇಳಿದ್ದು. ಐಸ್‌ಕ್ಯಾಂಡಿಯವ ಹೋಗ್ತಾ ಇದ್ದ.”

ಮಾವ ಅಡಕತ್ತರಿ ಕೆಳಗಿಟ್ಟರು. ಬಹಳ ಹೊತ್ತು ಏನೂ ಹೇಳಲಿಲ್ಲ. ಮೂವತ್ತು ಚಿಲ್ಲರೆ ವರ್ಷದ ಭಾರ ಅವರಿಗೂ ನನಗೂ ಒಟ್ಟಿಗೇ ಇಳಿಯಿತೆಂದು ನಾನು ಅಂದುಕೊಂಡೆ.

“ಏಕಮಾನಕ್ಕೆ ಕಡಿಯುದು ಅರ್ಧ ಅಂಕ” ಎಂದರು ಮಾವ. “ಎಂಬತ್ತೊಂದೂವರೆ ಆಯ್ತು. ಅರ್ಧ ಬಂದ್ರೆ ಒಟ್ಟು ಮಾಡುವಾಗ ಮೇಲಕ್ಕೆ ತೆಕ್ಕೊಳ್ತಾರೆ, ಎಂಬತ್ತೆರಡೇ ಆಗ್ಬೇಕು. ಮತ್ತೆಂತ ಬಿಟ್ಟಿದ್ದಿ?”