ಷಟ್ಪ್ರಾಸವೂ ತೊಟ್ಟಿಲೂ

ಎರಡನೆಯ ಮಗು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಅದು ಯಾರ ಹಾಗಿದೆ ಎಂಬುದು. ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತದೆ. ಅಪ್ಪನ ಕಡೆಯವರು ಮೂಗನ್ನು ತೆಗೆದುಕೊಳ್ಳುತ್ತಾರೆ, ಅಮ್ಮನ ಕಡೆಯವರು ಬಣ್ಣವನ್ನು. ಆಮೇಲಿನ ಪ್ರಶ್ನೆ ಮಾತ್ರ ನಾಮಕರಣದ ಬೆಳಗಿನವರೆಗೂ ಎಳೆಯುತ್ತದೆ: ದೊಡ್ಡದರ ಹೆಸರಿಗೆ ಚಿಕ್ಕದರ ಹೆಸರು ಹೊಂದಬೇಕಲ್ಲ? ಇದಕ್ಕೆ ಕನ್ನಡದಲ್ಲಿ ಶಾಸ್ತ್ರಗ್ರಂಥವೇ ಇಲ್ಲವೆಂದು ಕೊರಗುವವರಿದ್ದಾರೆ. ಗ್ರಂಥ ಸಾವಿರ ವರ್ಷದಿಂದ ಇದೆ. ಅದನ್ನು ಬಾಣಂತಿ ಕೋಣೆಗೆ ಯಾರೂ ಒಯ್ದಿಲ್ಲ, ಅಷ್ಟೆ.

ಗ್ರಂಥದ ಹೆಸರು ‘ಛಂದೋಂಬುಧಿ’. ಬರೆದವನು 10ನೆಯ ಶತಮಾನದ ನಾಗವರ್ಮ. ಹೆಂಡತಿಗೆ ಪಾಠ ಹೇಳಿಕೊಡುವ ಧಾಟಿಯಲ್ಲಿ ಬರೆದಿದ್ದಾನೆ. ಆ ದಂಪತಿಗೆ ಆಗ ಮನೆಯಲ್ಲಿ ಹೆಸರಿನ ಚಿಂತೆಯೇನಾದರೂ ಇತ್ತೇ ಎಂಬ ಬಗ್ಗೆ ಕೃತಿ ಸುಮ್ಮನಿದೆ. ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು, ಅದೇ ಆದಿಪ್ರಾಸ. ಅದರ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜ, ನಡುವೆ ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ, ಬೇರೆ ವ್ಯಂಜನದ ಒತ್ತಾದರೆ ಶರಭ, ಅದೇ ವ್ಯಂಜನ ಇಮ್ಮಡಿಸಿದರೆ ಹಯ. ಒಟ್ಟು ಆರು ಪ್ರಾಣಿ. ಪ್ರಸ್ತುತ ಪ್ರಬಂಧಕಾರನ ವಾದ ಇಷ್ಟೇ: ಈ ಆರರೊಳಗೆ ಸೇರದ ಒಡಹುಟ್ಟಿದವರಿಲ್ಲ, ಸೇರದಿದ್ದರೆ ತಪ್ಪು ತಂದೆತಾಯಿಯದು.

ಪ್ರಮಾಣಗಳನ್ನು ನೋಡೋಣ. ಸೀತಾ-ಗೀತಾ ಗಜಪ್ರಾಸ, ಆನೆಯಂತೆಯೇ ಎಲ್ಲ ಊರಲ್ಲೂ ಪರಿಚಿತ. ಚೈತ್ರ-ಮೈತ್ರಿ ಶರಭ. ಹಯಪ್ರಾಸಕ್ಕೆ ಚರಿತ್ರೆಯಲ್ಲೇ ಘನವಾದ ಉದಾಹರಣೆಯಿದೆ: ಹಕ್ಕ-ಬುಕ್ಕ. 1336ರಲ್ಲಿ ವಿಜಯನಗರ ಕಟ್ಟಿದರೆಂದು ಶಾಲೆಯ ಮಕ್ಕಳೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುವುದು ಆ ಇಮ್ಮಡಿ ಕಕಾರದ ಬಲದಿಂದ. ಸಂಗಮನಿಗೆ ಗಂಡುಮಕ್ಕಳು ಐವರು. ಕಂಪಣ್ಣ, ಮಾರಪ್ಪ, ಮುದ್ದಪ್ಪ ಎಂಬ ಉಳಿದ ಮೂವರು ಪ್ರಾಸದಿಂದ ಹೊರಗುಳಿದರು, ಪಠ್ಯಪುಸ್ತಕದಿಂದಲೂ ಹೊರಗುಳಿದರು. ಪಾಪ, ಮುದ್ದಪ್ಪ ಇಮ್ಮಡಿ ಒತ್ತಿನವರೆಗೂ ಬಂದಿದ್ದ, ಅಕ್ಷರ ತಪ್ಪಿತು.

ಅಜಪ್ರಾಸ ಅತ್ಯಂತ ಕಷ್ಟದ್ದು. ಹೆಸರಿನ ಎರಡನೆಯ ಅಕ್ಷರದ ಹಿಂದೆ ವಿಸರ್ಗ ತರುವ ಧೈರ್ಯ ಯಾವ ತಾಯಿಗಿದೆ? ಇತ್ತು, ಗಾಂಧಾರಿಗಿತ್ತು. ದುಃಶಾಸನ, ದುಃಶಲ, ಇವರ ಬೆನ್ನಿಗೆ ಒಬ್ಬಳೇ ತಂಗಿ ದುಃಶಲೆ. ಆದಿಪರ್ವದಲ್ಲಿರುವ ನೂರು ಹೆಸರುಗಳ ಪಟ್ಟಿ ಒಡಹುಟ್ಟಿದವರ ನಾಮಶಾಸ್ತ್ರಕ್ಕೆ ಆಕರಗ್ರಂಥವೇ ಸರಿ. ‘ದುರ್’ ಎಂಬ ಒಂದೇ ಬಂಡವಾಳದಿಂದ ದುರ್ಯೋಧನ, ದುರ್ಮುಖ, ದುರ್ಮದ, ದುರ್ಮರ್ಷಣ ಎಂದು ಹುಮ್ಮಸ್ಸಿನಿಂದ ಹೊರಟ ಸಂಸಾರ ನಡುದಾರಿಯಲ್ಲಿ ಏದುಸಿರು ಬಿಡುವುದು ಪಟ್ಟಿಯಲ್ಲೇ ಕಾಣುತ್ತದೆ. ವಿಂದ ಆದ ಮೇಲೆ ಅನುವಿಂದ. ಚಿತ್ರನ ಹಿಂದೆ ಉಪಚಿತ್ರ, ನಂದನ ಹಿಂದೆ ಉಪನಂದ. ಉಪನಂದ ಎಂಬುದು ಹೆಸರೇ ಅಲ್ಲ, ಉಪತಹಶೀಲ್ದಾರ್ ಇದ್ದ ಹಾಗೆ ಒಂದು ಹುದ್ದೆ; ನಂದ ರಜೆ ಹಾಕಿದ ದಿನ ಇವನು ಸಹಿ ಮಾಡಬೇಕು. ಆದರೂ ನೂರರ ನಂತರ ಹೆಣ್ಣು ಹುಟ್ಟಿದಾಗ ‘ದು’ವನ್ನು ನೆನಪಿಟ್ಟು ಹಿಂದಿರುಗಿದ ಆ ತಾಯಿಯ ನಿಷ್ಠೆಯನ್ನು ಮೆಚ್ಚಬೇಕು. ಆಚೆ ಮನೆಯಲ್ಲಿ ನಕುಲ-ಸಹದೇವರು ಅವಳಿಗಳು, ಹೆಸರಿನಲ್ಲಿ ಒಂದಕ್ಷರ ಹೊಂದುವುದಿಲ್ಲ. ಯುದ್ಧ ಗೆದ್ದವರು ಅವರೇ ಎಂಬ ಆಕ್ಷೇಪವನ್ನು ಪ್ರಬಂಧಕಾರ ಗಮನಿಸಿದ್ದಾನೆ, ಉತ್ತರಿಸಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಮನೆಗಳು ಆದಿಪ್ರಾಸವನ್ನು ಕೈಬಿಟ್ಟು ಅಂತ್ಯಪ್ರಾಸಕ್ಕೆ ಇಳಿದವು. ಉಮೇಶ, ರಮೇಶ ಎಂಬವರೆಗೆ ಎರಡನೆಯ ಅಕ್ಷರ ಮಕಾರವೇ, ಶುದ್ಧ ಸಿಂಹಪ್ರಾಸ. ಮೂರನೆಯವನು ಸುರೇಶನಾದ ಕೂಡಲೇ ಸಿಂಹ ಓಡಿಹೋಯಿತು, ಬಾಲ ಮಾತ್ರ ಉಳಿಯಿತು. ಸಾಲಿನ ಕೊನೆಯಲ್ಲಿ ಪ್ರಾಸ ಇಟ್ಟುಕೊಂಡು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಉದ್ದಕ್ಕೂ ಸಾಗುವ ಕಾವ್ಯಪ್ರಕಾರಕ್ಕೆ ಕನ್ನಡದಲ್ಲಿ ರಗಳೆ ಎನ್ನುತ್ತಾರೆ. ಗಣೇಶ, ದಿನೇಶ, ಮಹೇಶರೂ ಇರುವ ಮನೆಯನ್ನು ಈ ವರ್ಗದಲ್ಲೇ ಇಡತಕ್ಕದ್ದು. ರಗಳೆ ಎಂಬ ಪದದ ಇನ್ನೊಂದು ಅರ್ಥವನ್ನು ಆ ಮನೆಯ ಅಜ್ಜಿ ಬಲ್ಲಳು. ಸಂಜೆ ಕೊತ್ತಂಬರಿ ಸೊಪ್ಪು ತರಲು ಒಬ್ಬನನ್ನು ಕರೆಯಬೇಕು. ಒಲೆಯ ಮುಂದೆ ನಿಂತು ಆರಂಭಿಸುತ್ತಾಳೆ: “ಉಮೇಶಾ… ರಮೇಶಾ… ಗಣೇ… ಅಯ್ಯೋ, ನೀನೇ ಕಣೋ, ಅಲ್ಲಿ ಕೂತಿರೋನು, ಬಾರೋ ಇಲ್ಲಿ!” ಕೂತಿದ್ದವನು ಅಲ್ಲಾಡುವುದಿಲ್ಲ. ತನ್ನ ಹೆಸರು ಇನ್ನೂ ಬಂದಿಲ್ಲವಲ್ಲ.

ಡಾ. ರಾಜ್‌ಕುಮಾರ್ ಅವರ ಮನೆತನ ಈ ಅಂತ್ಯಪ್ರಾಸವನ್ನು ಎರಡು ತಲೆಮಾರು ನಿಭಾಯಿಸಿತು. ಅವರು ಮುತ್ತುರಾಜ, ತಮ್ಮ ವರದರಾಜ. ಮಕ್ಕಳ ಕಾಲಕ್ಕೆ ಶಿವ, ರಾಘವೇಂದ್ರ, ಪುನೀತ್ ಎಂದು ಹೆಸರು ಚದುರಿದರೂ ಮೂವರ ತುದಿಗೂ ‘ರಾಜ್‌ಕುಮಾರ್’ ಸೇರಿ ಪ್ರಾಸ ಕೂಡಿತು. ಕಿರಿಯವರಿಗೆ ಮೊದಲಿಟ್ಟ ಹೆಸರು ಲೋಹಿತ್. ಬದಲಾದಾಗಲೂ ಕೊನೆಯ ತಕಾರ ಜಾಗ ಬಿಟ್ಟು ಕದಲಲಿಲ್ಲ.

ಪ್ರಾಸವನ್ನೇ ಒಲ್ಲದವರೂ ಇದ್ದಾರೆ. ಕುವೆಂಪು ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಇಲ್ಲಿ ಅಕ್ಷರ ಹೊಂದಿಸಿಲ್ಲ, ಆಕಾಶವನ್ನೂ ಋತುವನ್ನೂ ಹೊಂದಿಸಿದೆ. ಅಣ್ಣ ಹುಣ್ಣಿಮೆ, ತಂಗಿ ಚಂದ್ರನ ಕಲೆ. ಮಹಾಕವಿಗೆ ಇದು ಸಲ್ಲುತ್ತದೆ. ದಶರಥನ ನಾಲ್ವರಿಗೆ ಒಂದೇ ಕೂತಲ್ಲಿ ಹೆಸರಿಟ್ಟ ವಸಿಷ್ಠರಿಗೂ ಪ್ರಾಸ ಬೇಕಾಗಿರಲಿಲ್ಲ. ರಾಜಪುರೋಹಿತರನ್ನು ಕೇಳುವವರು ಯಾರು?

ಹೊಂದಿಸುವ ಮಾತೇ ಬಾರದ ಮನೆಗಳಿದ್ದವು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ತಂದು ತಿಪ್ಪಮ್ಮ, ತಿಪ್ಪಣ್ಣ ಎನ್ನುತ್ತಿದ್ದರು, ಸಾವಿಗೆ ಹೇಸಿಗೆಯಾಗಲಿ ಎಂದು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳು ಸಾಕಮ್ಮ. ಅದನ್ನು ಪೂರ್ಣವಿರಾಮವೆಂದು ಹಾಸ್ಯ ಮಾಡಬಹುದು. ಆ ಹೆಸರಿಗೆ ಜೀವನವಿಡೀ ಓಗೊಟ್ಟವಳಿಗೆ ಅದು ಹಾಸ್ಯವಾಗಿರಲಿಕ್ಕಿಲ್ಲ.

ಇನ್ನು ಪಂಚಾಂಗದ ತೊಡಕು. 27 ನಕ್ಷತ್ರ, ತಲಾ ನಾಲ್ಕು ಪಾದ, ಒಟ್ಟು 108 ಅಕ್ಷರ. ಹೆಸರು ಆ ಅಕ್ಷರದಿಂದಲೇ ಶುರುವಾಗಬೇಕೆಂದು ಜೋಯಿಸರು, ಅಕ್ಕನ ಹೆಸರಿಗೆ ಹೊಂದಬೇಕೆಂದು ಅಮ್ಮ. ಎಲ್ಲರೂ ಮೊದಲ ಅಕ್ಷರಕ್ಕೇ ಜೋತುಬಿದ್ದು ಜಗಳವಾಡುವುದನ್ನು ನೋಡಿದರೆ ನಾಗವರ್ಮನ ದೂರದೃಷ್ಟಿ ಅರ್ಥವಾಗುತ್ತದೆ. ಅವನು ಪ್ರಾಸವನ್ನು ಎರಡನೆಯ ಅಕ್ಷರದಲ್ಲಿಟ್ಟ. ಮೊದಲನೆಯದು ಪಂಚಾಂಗಕ್ಕೆ, ಎರಡನೆಯದು ಅಕ್ಕನಿಗೆ. ವ್ಯಾಜ್ಯ ಮುಗಿಯಿತು. ಅಕ್ಕ ಚಂದನ ಎಂದಿಟ್ಟುಕೊಳ್ಳಿ. ತಂಗಿ ರೋಹಿಣಿ ಎರಡನೆಯ ಪಾದದಲ್ಲಿ ಹುಟ್ಟಿದರೆ ಅಕ್ಷರ ‘ವ’, ವಂದನ. ಆಮೇಲಿನ ತಮ್ಮ ಅನೂರಾಧೆಯ ಮೊದಲ ಪಾದವಾದರೆ ‘ನ’, ನಂದನ. ವೃಷಭಪ್ರಾಸ ಕೊಂಬು ಮುರಿಯದೆ ನಿಂತಿದೆ. ನಾಲ್ಕನೆಯದಕ್ಕೆ ಬಂಧನ ಎನ್ನಬಹುದಿತ್ತು, ಆದರೆ ಧಕಾರ ಮಹಾಪ್ರಾಣವಾದ್ದರಿಂದ ಛಂದಸ್ಸು ತಕರಾರು ಮಾಡುತ್ತದೆ. ಅಪ್ಪನ ತಕರಾರು ಬೇರೆ ಕಾರಣಕ್ಕೆ. ಮಗು ಹಸ್ತ ಮೂರನೆಯ ಪಾದಕ್ಕೆ ಕಾದು ಹುಟ್ಟಿತೋ, ಅಕ್ಷರ ‘ಣ’. ಶಾಸ್ತ್ರಪ್ರಕಾರ ಹೆಸರು ಣಂದನ. ಆರ್ದ್ರೆಯ ಮೂರನೆಯ ಪಾದದ್ದು ‘ಙ’. ಅದನ್ನು ಕರೆಯುವ ಹೊಣೆಯನ್ನು ಸಂಗೀತಗಾರರ ಮನೆಗೆ ಬಿಡುವುದು ಲೇಸು.

ಸರ್ಕಾರಕ್ಕೆ ಈ ಸಂಕಟ ಗೊತ್ತಿರುವಂತಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆಯಲ್ಲಿ ಜನನವನ್ನು 21 ದಿನದೊಳಗೆ ತಿಳಿಸಬೇಕು, ಹೆಸರಿನ ಕಾಲಂ ಖಾಲಿ ಬಿಟ್ಟರೂ ನಡೆಯುತ್ತದೆ. ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕವಿಲ್ಲ, ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟು ಹೊತ್ತಿಗೆ ಎಸ್ಸೆಸ್ಸೆಲ್ಸಿಗೆ ಬಂದ ಮಗು ಪ್ರಾಸವನ್ನು ತಾನೇ ಬಿಡಿಸಿಕೊಳ್ಳುತ್ತದೆ.

ತೊಟ್ಟಿಲಿಗೆ ಹೂವು ಕಟ್ಟಿದ ಬೆಳಿಗ್ಗೆ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದ ತುದಿಯಿಂದ ‘ವಂದನ’ ಎಂದು ಬರೆಯುತ್ತಾರೆ. ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಅದನ್ನೇ ಉಸುರುತ್ತಾಳೆ. ಉತ್ತರ ಕರ್ನಾಟಕದ ಮನೆಯಾದರೆ ಹಿಂದೆ ನಿಂತ ಹೆಂಗಸರು ಬಗ್ಗಿದವಳ ಬೆನ್ನಿಗೆ ನಾಲ್ಕು ಗುದ್ದು ಹಾಕುತ್ತಾರೆ. ವೃಷಭಪ್ರಾಸ ಸಿದ್ಧಿಸಿದ ಸಂತೋಷದಲ್ಲಿ ಅಪ್ಪ ಸಕ್ಕರೆ ಹಂಚುತ್ತಿದ್ದಾನೆ. ಅಷ್ಟರಲ್ಲಿ ಚಂದನ ತೊಟ್ಟಿಲ ಅಂಚು ಹಿಡಿದು ತುದಿಗಾಲಲ್ಲಿ ಇಣುಕುತ್ತಾಳೆ. ಅವಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅವಳನ್ನು ಚಂದನ ಎಂದು ಯಾರೂ ಕರೆದದ್ದಿಲ್ಲ, ಪುಟ್ಟಿ. ಅವಳು ಮಗುವಿನ ಕೆನ್ನೆ ಮುಟ್ಟಿ “ಚಿಟ್ಟಿ” ಎನ್ನುತ್ತಾಳೆ. ಅಜ್ಜಿಯೂ ಚಿಟ್ಟಿ ಎನ್ನುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಸೋದರತ್ತೆಯ ಬಾಯಲ್ಲೂ ಅದೇ.

ಪುಟ್ಟಿ, ಚಿಟ್ಟಿ. ಹ್ರಸ್ವದ ಮುಂದೆ ಇಮ್ಮಡಿ ಟಕಾರ: ಹಯಪ್ರಾಸ, ಲಕ್ಷಣಬದ್ಧವಾಗಿ.