ಮುಖಕ್ಕಿಷ್ಟು ಜಿಡ್ಡು

ಧಾರವಾಡಕ್ಕೆ ಚಳಿಗಾಲ ಬಂದ ಸುದ್ದಿ ಎಲ್ಲರಿಗಿಂತ ಮೊದಲು ಮುಟ್ಟುವುದು ನನ್ನ ಕೆನ್ನೆಗಳಿಗೆ. ದೀಪಾವಳಿಯ ಎಣ್ಣೆಸ್ನಾನದ ಪಸೆ ಆರಿ ಮೂಡಗಾಳಿ ಬೀಸತೊಡಗಿದರೆ ಸಾಕು, ಕೆನ್ನೆಯ ಮೇಲೆ ಬಿಳಿ ಹೊಟ್ಟು ಏಳುತ್ತದೆ. ಆಮೇಲೆ ತುಟಿಯ ಅಂಚು, ಗದ್ದ, ಕಿವಿಯ ಮುಂದಿನ ಜಾಗ. ಎಳ್ಳಮಾವಾಸ್ಯೆಯ ಹೊತ್ತಿಗೆ, ನನಗಿಂತ ಚಿಕ್ಕ ಅಳತೆಯವರ ಮುಖವನ್ನು ಯಾರೋ ನನಗೆ ಎಳೆದು ತೊಡಿಸಿದ್ದಾರೆ ಎನಿಸುತ್ತಿರುತ್ತದೆ. ಹುಟ್ಟಿದ್ದು ಶಿರಸಿ ಸೀಮೆಯಲ್ಲಿ. ಅಲ್ಲಿ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗುತ್ತಿರಲಿಲ್ಲ, ಇನ್ನು ಮುಖ ಒಣಗುವ ಮಾತೆಲ್ಲಿ! ಬ್ಯಾಂಕಿನ ನೌಕರಿ, ಧಾರವಾಡದ ಹೆಂಡತಿ ಮತ್ತು ಈ ಒಣಹವೆ ಮೂರೂ ಒಟ್ಟಿಗೇ ಗಂಟುಬಿದ್ದವು.

ಉರಿ, ನವೆ ಹೇಗೋ ತಡೆದುಕೊಳ್ಳಬಹುದು. ಕಷ್ಟವೆಂದರೆ ನಗುವುದು. ಹೋದ ಚಳಿಗಾಲದಲ್ಲಿ ನಮ್ಮ ಬಡಾವಣೆಯವರು ಹಾಸ್ಯಸಂಜೆ ಇಟ್ಟುಕೊಂಡು, ಹಿರಿಯರೆಂದು ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ತುಟಿ ಅಗಲಿಸಿದರೆ ನೆತ್ತರು ಜಿನುಗುತ್ತದೆಂದು ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಹಾಸ್ಯಗಾರರು ಪಾಪ, ಪ್ರತಿ ಜೋಕಿಗೂ ನನ್ನ ಮುಖವನ್ನೇ ನೋಡಿ ನೋಡಿ ಸೋತು, ಕಡೆಗೆ ಹಿಂದಿನ ಸಾಲಿನವರಿಗೆ ಮಾತ್ರ ಹೇಳತೊಡಗಿದರು. ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರೊಬ್ಬರು ಹೆಂಡತಿಯ ಹತ್ತಿರ ಬಂದು, “ಸರಗೆ ಮನ್ಯಾಗ ಏನರ ತ್ರಾಸ ಅದ ಏನ್ರಿ?” ಎಂದು ಮೆಲ್ಲಗೆ ವಿಚಾರಿಸಿದರಂತೆ.

ಬೆನ್ನು ಒಣಗಿದರೆ ಅದು ನಮ್ಮ ಖಾಸಗಿ ವಿಷಯ. ಮುಖದ ಮಾತು ಹಾಗಲ್ಲ, ಅದು ಊರಿನ ಆಸ್ತಿ. ಗುರುತಿಲ್ಲದವರೂ ಅದರ ದುರಸ್ತಿಗೆ ಸಲಹೆ ಕೊಡಬಹುದು. ಸಂತೆಯಲ್ಲಿ ಮೆಂತ್ಯೆ ಪಲ್ಯೆ ಮಾರುವ ಮುದುಕಿ ನನ್ನನ್ನು ದಿಟ್ಟಿಸಿ, “ಸಾಹೇಬ್ರ, ಮನ್ಯಾಗ ಬೆಣ್ಣಿ ಇಲ್ಲೇನ್ರಿ?” ಎಂದಳು. ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ಹೆಂಡತಿ ಅವತ್ತು ಮೆಂತ್ಯೆ ಕೊಳ್ಳಲಿಲ್ಲ. ಬೆಳಗಿನ ವಾಕಿಂಗಿನಲ್ಲಿ ಸಿಗುವ ನಿವೃತ್ತ ಮೇಷ್ಟರು ಲಿಂಬೆರಸದ ಪಕ್ಷಪಾತಿ. ಬಿರಿದ ಚರ್ಮದ ಮೇಲೆ ಲಿಂಬೆರಸ! ಅವರಿಗೆ ನನ್ನ ಮೇಲೆ ಹಳೆಯ ಸಿಟ್ಟು ಏನಾದರೂ ಇರಬೇಕು. ಅವರ ಸಾಲದ ಅರ್ಜಿ ಯಾವುದಾದರೂ ನನ್ನ ಮೇಜಿನ ಮೇಲೆ ಕೊಳೆತಿತ್ತೇ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಔಷಧದ ಅಂಗಡಿಯ ಹುಡುಗನಂತೂ ಚೀಟಿ ಕೇಳದೆ ಒಂದು ಸಣ್ಣ ಟ್ಯೂಬು ಮುಂದಿಟ್ಟು, “ಎರಡ ದಿನದಾಗ ಕ್ಲೀನ್ ಆಗತದ್ರಿ” ಎಂದ. ಅಂಥದ್ದೇ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದ ನಮ್ಮ ಸಹೋದ್ಯೋಗಿಯೊಬ್ಬರ ಮುಖ, ಬಿಟ್ಟ ಮರುವಾರ ಕೆಂಡದಂತಾಗಿ ಗುಳ್ಳೆ ಎದ್ದದ್ದನ್ನು ನಾನು ಕಂಡಿದ್ದೆ. ಒಳಗಿರುವುದು ಸ್ಟಿರಾಯ್ಡ್. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಆ ಸುದ್ದಿ ಆ ಹುಡುಗನ ಅಂಗಡಿಗೆ ಇನ್ನೂ ಬಂದು ತಲುಪಿದಂತಿಲ್ಲ.

ಕಡೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ನೋಡಿದ್ದು ನನ್ನ ಮೂಗಿನ ಪಕ್ಕ ಮತ್ತು ಹುಬ್ಬು. ಅಲ್ಲಿ ಜಿಡ್ಡು ಜಿಡ್ಡಾದ ಹೊಟ್ಟು ಇದ್ದರೆ ಅದು ತಲೆಹೊಟ್ಟಿನ ಕುಲದ್ದಂತೆ, ಅದಕ್ಕೆ ಎಣ್ಣೆ ಹಚ್ಚಿದಷ್ಟೂ ಹೆಚ್ಚುತ್ತದಂತೆ. ನನ್ನದು ಆ ಕುಲದ್ದಲ್ಲ, ಬರೀ ಒಣಕಲು. “ಸ್ನಾನದ ನೀರು ಎಷ್ಟು ಬಿಸಿ?” ಎಂದರು. “ಸುಡುಸುಡು” ಎಂದೆ. “ಮುಖಕ್ಕೆ ಸಾಬೂನು?” “ದಿನಾ, ಉಜ್ಜಿ ಉಜ್ಜಿ.” ಅವರು ಪೆನ್ನು ಕೆಳಗಿಟ್ಟು, ಚೀಟಿಯ ಹಿಂಬದಿಗೆ ಇಟ್ಟಿಗೆ ಗೋಡೆಯ ಚಿತ್ರ ಬರೆದರು. ಚರ್ಮದ ತೀರ ಮೇಲಿನ ಪದರ ಕೂದಲೆಳೆಗಿಂತ ತೆಳುವಂತೆ. ಅಲ್ಲಿ ಸತ್ತ ಕೋಶಗಳೇ ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಸೇರಿದ್ದೇ ಗಾರೆ. ಸುಡುನೀರು, ಸಾಬೂನು ಎರಡೂ ಕೂಡಿ ಈ ಗಾರೆಯನ್ನು ತೊಳೆದು ಮೋರಿಗೆ ಬಿಡುತ್ತವೆ. ಆಮೇಲೆ ಒಳಗಿನ ನೀರು ಸಂದಿಯಿಂದ ಆರಿಹೋಗುತ್ತದೆ. ಸಾಲದ್ದಕ್ಕೆ ಚರ್ಮ ಸ್ವಭಾವತಃ ತುಸು ಹುಳಿ, ಅದರ ಪಿಎಚ್ ಸುಮಾರು 5. ಬಿಲ್ಲೆ ಸಾಬೂನಿನದು 9ರಿಂದ 10. ಉಗುರುಬೆಚ್ಚಗಿನ ನೀರು, ಮುಖ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಯಾವುದಾದರೂ ಜಿಡ್ಡು, ಅಷ್ಟು ಸಾಕು ಎಂದರು.

ನನಗೆ ನಾಟಿದ್ದು ಕೊಲೆಸ್ಟರಾಲಿನ ಮಾತು. ರಕ್ತದಲ್ಲಿ ಅದು ಹೆಚ್ಚಾಯಿತೆಂದು ಒಬ್ಬ ಡಾಕ್ಟರು ನನಗೆ ತುಪ್ಪ ಬಿಡಿಸಿದ್ದಾರೆ. ಈಗ ಮುಖದಲ್ಲಿ ಅದು ಕಡಿಮೆಯಾಯಿತೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಮೈಯೊಳಗೇ ಅಲ್ಲಿಂದ ಇಲ್ಲಿಗೆ ವರ್ಗಾವಣೆ ಮಾಡಲು ಬರುವುದಿಲ್ಲವೇ ಎಂದು, ಬ್ಯಾಂಕಿನವನಾದ್ದರಿಂದ, ಕೇಳಿಯೇಬಿಟ್ಟೆ. ಡಾಕ್ಟರು ನಕ್ಕರು. ಅವರ ತುಟಿ ಸರಿಯಿತ್ತು.

‘ಯಾವುದಾದರೂ ಜಿಡ್ಡು’ ಎಂದು ಅವರು ಅಂದುಬಿಟ್ಟದ್ದರಿಂದ ಮನೆಯಲ್ಲಿ ಪಕ್ಷಗಳು ಹುಟ್ಟಿಕೊಂಡವು. ರಜೆಗೆ ಬಂದಿದ್ದ ಮಗಳು ಬೆಂಗಳೂರಿನಿಂದ ತಂದ ಸೀಸೆಗಳನ್ನು ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಒಂದನ್ನೆತ್ತಿ, “ಅಪ್ಪಾ, ಇದು ಹಯಲುರಾನಿಕ್ ಆಸಿಡ್. ಚರ್ಮದಾಗ ನೀರು ಹಿಡಿದಿಡತದ” ಎಂದಳು. ನಮ್ಮ ಜೊತೆಗೇ ಇರುವ ಅತ್ತೆಯವರು ಜಪಮಾಲೆ ಕೆಳಗಿಟ್ಟರು. “ಆಸಿಡ್? ಬಚ್ಚಲಾ ತೊಳಿಯೋದನ್ನ ಮಾರಿಗೆ ಹಚ್ಚತಾರೇನು? ನಮ್ಮ ಕಾಲದಾಗ ಇಂಥಾ ಹುಚ್ಚ ಇರಲಿಲ್ಲವಾ.” ಮಗಳು ಆಮ್ಲಗಳಲ್ಲಿ ಬಗೆಗಳಿವೆಯೆಂದು ವಿವರಿಸಹೋಗಿ ಅರ್ಧಕ್ಕೇ ಕೈಬಿಟ್ಟಳು.

ಅತ್ತೆಯವರದು ತುಪ್ಪದ ಪಕ್ಷ. ಆಯುರ್ವೇದದಲ್ಲಿ ಶತಧೌತ ಘೃತವೆಂದಿದೆ: ತಾಮ್ರದ ಪಾತ್ರೆಯಲ್ಲಿ ತುಪ್ಪ ಹಾಕಿ, ನೀರೆರೆದು, ಕೈಯಿಂದ ನಾದಿ, ಆ ನೀರು ಬಸಿದು ಮತ್ತೆ ಹೊಸ ನೀರು, ಹೀಗೆ ನೂರು ಸಲ. ಕಡೆಗೆ ತುಪ್ಪದ ಬಣ್ಣ, ವಾಸನೆ ಎರಡೂ ಹೋಗಿ ಬೆಳ್ಳಗೆ ನುಣ್ಣಗೆ ಬೆಣ್ಣೆಯಂಥದು ಉಳಿಯುತ್ತದೆ. ಉರಿಗೆ ಒಳ್ಳೆಯದು. ನಾನು ಉತ್ಸಾಹದಿಂದ ತೋಳು ಮಡಚಿದೆ. ಒಳಗಿನಿಂದ ಹೆಂಡತಿಯ ದನಿ ಬಂತು: “ಉಂಡ ತಾಟು ಒಂದ ಸಲ ತೊಳಿಯೂದಿಲ್ಲ, ತುಪ್ಪ ನೂರು ಸಲ ತೊಳೀತಾರಂತ!” ತೋಳು ಇಳಿಸಿದೆ.

ಹೆಂಡತಿಯ ಓಟು ವ್ಯಾಸಲೀನಿಗೆ. ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಅದರ ಜನಕ ರಾಬರ್ಟ್ ಚೀಸ್‌ಬ್ರೋನ ಕತೆ ಓದಿದ ಮೇಲೆ. 1859ರಲ್ಲಿ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳನ್ನು ನೋಡಹೋದ ಈತ, ಅಲ್ಲಿನ ಕೂಲಿಗಳು ಪಂಪಿನ ಸಲಾಕೆಗೆ ಅಂಟುವ ಮೇಣವನ್ನು ಗಾಯಕ್ಕೆ ಬಳಿದುಕೊಳ್ಳುವುದು ಕಂಡು, ಅದನ್ನು ಮನೆಗೆ ತಂದು ಶುದ್ಧಿ ಮಾಡಿದ. 1872ರಲ್ಲಿ ಪೇಟೆಂಟ್ ಪಡೆದ. ಗಿರಾಕಿಗಳನ್ನು ನಂಬಿಸಲು ಅವರ ಕಣ್ಣೆದುರೇ ತನ್ನ ಕೈ ಸುಟ್ಟುಕೊಂಡು ಅದರ ಮೇಲೆ ಇದನ್ನು ಹಚ್ಚಿ ತೋರಿಸುತ್ತಿದ್ದನಂತೆ. ದಿನಕ್ಕೊಂದು ಚಮಚ ತಿನ್ನುತ್ತೇನೆಂದೂ ಹೇಳಿಕೊಳ್ಳುತ್ತಿದ್ದ. 96 ವರ್ಷ ಬದುಕಿದ. ಇದನ್ನು ಊಟದ ಹೊತ್ತಿಗೆ ಹೇಳಿದ್ದರಿಂದ ಆ ಪಕ್ಷ ಠೇವಣಿ ಕಳೆದುಕೊಂಡಿತು.

ಅಷ್ಟರಲ್ಲಿ ಶಿರಸಿಯಿಂದ ಅಕ್ಕನ ಫೋನು. “ತಮಾ, ಮುರುಗಲ ತುಪ್ಪ ಇದ್ದಲಾ!” ಅಷ್ಟೇ ಅಂದಳು, ಬಸ್ಸಿನವರ ಕೈಲಿ ಕೊಟ್ಟೂ ಕಳಿಸಿದಳು. ಮುರುಗಲ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು, ಆರುತ್ತಲೇ ಅಂಗೈಯಲ್ಲಿ ಒತ್ತಿ ಕಟ್ಟಿದ ಉಂಡೆ. ಉಂಡೆಯ ಮೇಲೆ ಅಕ್ಕನ ಬೆರಳಿನ ಗೆರೆಗಳು ಹಾಗೇ ಮೂಡಿದ್ದವು. ಕಲ್ಲಿನಷ್ಟು ಗಟ್ಟಿ, ಉಗುರಿಗೆ ಸುಲಭಕ್ಕೆ ಸಿಗುವುದಿಲ್ಲ. ಚಾಕುವಿನಿಂದ ಹೆರೆದು ಎರಡು ಅಂಗೈ ನಡುವೆ ಉಜ್ಜುತ್ತ ಇದ್ದರೆ ಮೊದಲು ಮರಳು ಮರಳು, ಆಮೇಲೆ ಮೈಯ ಬಿಸಿಗೇ ಕರಗಿ ಎಣ್ಣೆ. ಬೆಚ್ಚನೆಯ ನೀರಲ್ಲಿ ತೊಳೆದ ಮುಖಕ್ಕೆ, ಒರೆಸುವ ಮೊದಲೇ ಹಚ್ಚಿದೆ. ಸಂಕ್ರಾಂತಿಯ ಹೊತ್ತಿಗೆ ನಗುವಷ್ಟಾದೆ. ಹಾಸ್ಯಸಂಜೆ ಮಾತ್ರ ಮುಗಿದುಹೋಗಿತ್ತು.

ಈ ನಡುವೆ ಮಗಳು ಸೀಸೆಗಳನ್ನು ಇಲ್ಲೇ ಮರೆತು ಬೆಂಗಳೂರಿಗೆ ಹೋದಳು. ಕನ್ನಡಿಯ ಮುಂದಿನ ಆಸಿಡ್ ಸೀಸೆಯಲ್ಲಿ ಮಟ್ಟ ಇಳಿಯುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ನಾನು ಮುಟ್ಟಿಲ್ಲ, ಹೆಂಡತಿ ಮುಟ್ಟಿಲ್ಲ. ಎಳ್ಳು ಬೀರಲು ಬಂದವರೆಲ್ಲ ಅತ್ತೆಯವರ ಮುಖ ನೋಡಿ, “ಏನವಾ, ಈ ಸಲ ಭಾರಿ ಕಳೆ ಬಂದದಲ್ಲ!” ಎಂದರು. “ಎಳ್ಳು ಅರಿಶಿಣ ಹಚ್ಚಗೊಂಡು ಎರಕೊಂಡೀನಿ, ಅದರ ಗುಣ” ಎಂದು ಅವರು ಗಂಭೀರವಾಗಿ ಉತ್ತರಿಸಿದರು. ಮರುದಿನ ಮಧ್ಯಾಹ್ನ, ನಾನು ಮಲಗಿದ್ದೇನೆಂದು ತಿಳಿದು ಅವರು ಮೊಮ್ಮಗಳಿಗೆ ಫೋನು ಹಚ್ಚಿದರು.

“ಮುಂದಿನ ಸಲ ಬರೂವಾಗ ಆ ಆಸಿಡ್ ಇನ್ನೊಂದು ಬಾಟ್ಲಿ ತಗೊಂಬಾ. ದೊಡ್ಡದು. ನಿಮ್ಮಪ್ಪಗ ಹೇಳಬ್ಯಾಡ ಮತ್ತ.”