ಫೈಲು ಹೊರುವ ಕ್ಯಾಮರಾ ಭಾವ

ಪೆನ್ ಡ್ರೈವ್ ಊರಿನವರ ಕೊರಳಿಗೆಲ್ಲ ಬಿದ್ದಿದ್ದ ಕಾಲದಲ್ಲೂ, ಅಂದರೆ 2007ರ ಆಸುಪಾಸಿನಲ್ಲಿ, ಅದನ್ನು ಕೊಳ್ಳದೆ ಬದುಕಿದ ಒಂದು ಜಾತಿಯ ಜನರಿದ್ದರು. ಇವರ ಹತ್ತಿರ ಡಿಜಿಟಲ್ ಕ್ಯಾಮರಾ ಇತ್ತು, ಕ್ಯಾಮರಾದಲ್ಲಿ ಕಾರ್ಡ್ ಇತ್ತು, ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರು ಅದನ್ನೂ ಒಂದು ಡ್ರೈವ್ ಎಂದೇ ತೋರಿಸುತ್ತಿತ್ತು. "ಇರೋ ಡಬ್ಬದಲ್ಲೇ ಜಾಗ ಇರುವಾಗ ಇನ್ನೊಂದು ಡಬ್ಬ ಯಾಕ್ರೀ?" ಎಂಬುದು ಇವರ ಸಿದ್ಧಾಂತ. ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುವವರೂ, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇಡುವವರೂ ಇವರೇ. ತಪ್ಪೆನ್ನುವಂತಿಲ್ಲ. ಹಾಗೆಂದೇ ಇವರ ಜೊತೆ ವಾದಿಸುವುದು ಕಷ್ಟ.

ನಮ್ಮ ಭಾವ ಈ ಪಂಥದ ಪೀಠಾಧಿಪತಿ. "ಇಲ್ಲಿ ಪೆನ್ ಡ್ರೈವ್ ಹಾಕಬಾರದು" ಎಂದು ಬೋರ್ಡು ತೂಗುಹಾಕಿದ ಡಿಟಿಪಿ ಅಂಗಡಿಗೇ ನುಗ್ಗಿ, ಸೊಂಟದ ಚೀಲದಿಂದ ಕ್ಯಾಮರಾ ತೆಗೆದು, "ಇದು ಪೆನ್ ಡ್ರೈವ್ ಅಲ್ಲವಲ್ಲ!" ಎನ್ನುತ್ತಿದ್ದರು. ಸ್ವಿಚ್ ಒತ್ತಿದೊಡನೆ ಲೆನ್ಸು ಗುರ್ರೆಂದು ಮುಂದೆ ಬರುತ್ತಿತ್ತು. ಜೆರಾಕ್ಸಿಗೆ ಕಾದಿದ್ದವರು ತಲೆ ಸವರಿಕೊಂಡು ನಗುಮುಖ ಮಾಡುತ್ತಿದ್ದರು. ಕ್ಯಾಮರಾಕ್ಕೆ ವೈರಸ್ಸೇ ಹತ್ತುವುದಿಲ್ಲ ಎಂಬುದು ಭಾವನ ಹೆಮ್ಮೆ. ನಿಜ, ಅದಕ್ಕೇನೂ ಆಗುತ್ತಿರಲಿಲ್ಲ. ತಾನು ಸೀನದೆ ಊರಿಗೆಲ್ಲ ನೆಗಡಿ ಹಂಚುವ ನೆಂಟನಂತೆ, ಸೈಬರ್ ಕೆಫೆಯ ಆಟೋರನ್ ವೈರಸ್ಸನ್ನು ಬೀಗರ ಮನೆಮನೆಗೂ ತಲುಪಿಸುತ್ತಿತ್ತು. ಒಮ್ಮೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕರೆಯೋಲೆ, ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ, ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡಿತು. ಅಂದಿನಿಂದ ಫಾಂಟುಗಳೂ ಕ್ಯಾಮರಾದೊಳಗೆ ಸಂಸಾರ ಹೂಡಿದವು.

ಕ್ಯಾಮರಾಕ್ಕೆ ಒಂದು ಸ್ವಭಾವವಿದೆ. ಡಿಸಿಐಎಂ ಎಂಬ ಫೋಲ್ಡರಿನಲ್ಲಿ ತಾನಿಟ್ಟ ಚಿತ್ರಗಳ ಹೊರತು ಬೇರೆ ಫೈಲುಗಳು ಅದರ ಕಣ್ಣಿಗೆ ಬೀಳವು. ಜಾಗವನ್ನು ಮಾತ್ರ ಎಲ್ಲವೂ ತಿನ್ನುತ್ತವೆ. ಭಾವನ ಹಳೆಯ ಕ್ಯಾಮರಾ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಒಪ್ಪುತ್ತಲೂ ಇರಲಿಲ್ಲ. ಇದರ ಅರ್ಥ ನಮಗೆಲ್ಲ ಆದದ್ದು ನನ್ನ ತಂಗಿಯ ಮದುವೆಯಲ್ಲಿ.

ಪುರೋಹಿತರು ಗಟ್ಟಿಮೇಳ ಎಂದರು. ಅಕ್ಷತೆ ಹಿಡಿದ ಕೈಗಳೆಲ್ಲ ಎದ್ದವು. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರನ ಬೆನ್ನು ಎಲ್ಲರಿಗೂ ಅಡ್ಡ. ಅದಕ್ಕೆಂದೇ ಭಾವ ಕುರ್ಚಿ ಹತ್ತಿ ನಿಂತಿದ್ದರು. ಒತ್ತಿದರು. ಮೆಮೊರಿ ಫುಲ್! ಏನಾದರೂ ಅಳಿಸೋಣವೆಂದರೆ ಪರದೆಯಲ್ಲಿ ಕಾಣುವುದು ಬೆಳಗಿನಿಂದ ತೆಗೆದ ಫೋಟೋಗಳು ಮಾತ್ರ. ಜಾಗ ನುಂಗಿ ಕೂತಿದ್ದ ಗೀತಾ ಪ್ರವಚನದ ಎಂಪಿ3, ಪಕ್ಕದ ಮನೆ ಹುಡುಗನ ಪ್ರಾಜೆಕ್ಟ್ ರಿಪೋರ್ಟು, ಪಹಣಿಯ ಸ್ಕ್ಯಾನು, ವೈರಸ್ ಕೊಲ್ಲುವ ಸಾಫ್ಟ್‌ವೇರು, ಇವುಗಳಲ್ಲಿ ಒಂದೂ ಕಾಣದು. ಸಪ್ತಪದಿಗೂ ಜಾಗ ಬೇಕಲ್ಲ ಎಂದು ಭಾವ ನಿಂತಲ್ಲೇ ಒಂದೊಂದಾಗಿ ಫೋಟೋ ಬಲಿ ಕೊಟ್ಟರು. ಕಾಶಿಯಾತ್ರೆ ಹೋಯಿತು. ರೇಷ್ಮೆ ಪಂಚೆಯಲ್ಲಿ ನಾನು ತೆಳ್ಳಗೆ ಕಂಡಿದ್ದ ಏಕೈಕ ಚಿತ್ರವೂ ಹೋಯಿತು. ಅಷ್ಟರಲ್ಲಿ ಮೂರು ಗಂಟೂ ಬಿದ್ದು, ಪುರೋಹಿತರು ಹೋಮಕ್ಕೆ ತುಪ್ಪ ಕೇಳುತ್ತಿದ್ದರು. ಪ್ರವಚನ ಮಾತ್ರ ಒಂದಕ್ಷರವೂ ಅಳಿಯದೆ ಉಳಿಯಿತು.

ಆದರೂ ಬೈಯಲು ಬಾಯಿ ಬರುವುದಿಲ್ಲ. ನನ್ನ ಲೇಖನಗಳು ಪ್ರಿಂಟಿಗೆ ಹೋಗಿದ್ದೂ ಆ ಕ್ಯಾಮರಾದ ಹೊಟ್ಟೆಯಲ್ಲೇ. (ಅವನ್ನು ವೈರಸ್ಸು ಕೂಡ ಮುಟ್ಟಲಿಲ್ಲ.) ಒಂದು ಫೈಲು ಕೊಡಬೇಕೆಂದರೆ ಭಾವ ಬಸ್ಸು ಬದಲಿಸಿಕೊಂಡು ಮನೆಗೇ ಬರುತ್ತಿದ್ದರು. ಕಾಪಿ ಆಗುವ ಹೊತ್ತಿಗೆ ಕಾಫಿ. ಜೊತೆಗೆ ಆ ಪುಟ್ಟ ಪರದೆಯಲ್ಲಿ ಊರಿನ ಹೊಸ ಕೂಸು, ಕರು ಹಾಕಿದ ಹಸು, ಅಜ್ಜಿಯ ಕಣ್ಣಿನ ಆಪರೇಷನ್ನಿನ ಕಪ್ಪು ಕನ್ನಡಕ, ಎಲ್ಲದರ ದರ್ಶನ. ಈಗ ಫೈಲು ಫೋನಿಗೇ ಬಂದು ಬೀಳುತ್ತದೆ. ಭಾವ ಬಂದು ವರ್ಷವಾಯಿತು. ನಾವೂ ಹೋಗಿಲ್ಲ. ಹೋಗಲು ಒಂದು ಕಾರಣ ಬೇಕಲ್ಲ, ಅದನ್ನೇ ಈ... ಇರಲಿ, ಭಾಷಣವಾಗುತ್ತಿದೆ.

ಮಗ ಕೊಡಿಸಿದ 32 ಜಿಬಿ ಪೆನ್ ಡ್ರೈವ್ ಸದ್ಯಕ್ಕೆ ಭಾವನ ಸ್ಕೂಟರ್ ಕೀಲಿಕೈಗೆ ಗೊಂಚಲಾಗಿದೆ. ಇಂಥವರು ನಿಮ್ಮ ಬಳಗದಲ್ಲೂ ಇದ್ದರೆ ಮದುವೆಗೆ ತಪ್ಪದೆ ಕರೆಯಿರಿ, ಮುಂದಿನ ಸಾಲಿನಲ್ಲೇ ಕೂರಿಸಿ. ಫೋಟೋಗೆ ಮಾತ್ರ ಬೇರೆ ಯಾರಿಗಾದರೂ ಹೇಳಿ.